ಡಿಗ್ರಿಯ ಹಠ, ಐ.ಟಿ.ಐ.ಯ ನಾಚಿಕೆ

ಜಿಲ್ಲೆಗೆ ಹೆಮ್ಮೆಪಡಲು ಕಾರಣ ಉಂಟು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು. ನೂರಕ್ಕೆ 91 ಮಂದಿ ಪಾಸು. ಅದೇ ವರ್ಷದ ದ್ವಿತೀಯ ಪಿ.ಯು.ಸಿ.ಯಲ್ಲಿ ಉಡುಪಿಯ ಬೆನ್ನಿಗೇ ಎರಡನೆಯ ಸ್ಥಾನ. ಫಲಿತಾಂಶ ಬಂದ ಮರುದಿನದಿಂದಲೇ ಬಿ.ಸಿ.ರೋಡಿನಲ್ಲಿ, ಗುರುವಾಯನಕೆರೆಯಲ್ಲಿ, ಮೂಡಬಿದ್ರೆ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಫ್ಲೆಕ್ಸುಗಳು ಏಳುತ್ತವೆ. 625ಕ್ಕೆ 620 ತೆಗೆದ ಮಕ್ಕಳ ನಗುಮುಖ, ಕೆಳಗೆ ಕಾಲೇಜಿನ ಹೆಸರು, ಅದರ ಕೆಳಗೆ ಫೋನ್ ನಂಬರು.

ಇದೆಲ್ಲ ಸರಿ. ಆದರೆ ಫ್ಲೆಕ್ಸಿನಲ್ಲಿ ಜಾಗ ಸಿಗದ ಮಕ್ಕಳೂ ಇದೇ ಊರಿನಲ್ಲಿದ್ದಾರಲ್ಲ? ಗಣಿತದಲ್ಲಿ 35, ಇಂಗ್ಲಿಷಿನಲ್ಲಿ 37, ವಿಜ್ಞಾನದಲ್ಲಿ ಅಂತೂ ಇಂತೂ ದಡ ಸೇರಿದವರು. ಒಂದನೇ ಪರೀಕ್ಷೆಯಲ್ಲಿ ಹೋಗಿ ಎರಡನೇ ಪರೀಕ್ಷೆಯಲ್ಲಿ ಬಂದವರು. ಇವರಿಗೆ ಯಾರೂ ಹಾರ ಹಾಕುವುದಿಲ್ಲ. ಇವರ ಮನೆಯಲ್ಲಿ ಆ ವಾರ ಮಂಡೆಬಿಸಿಯೇ ಬೇರೆ. ಮುಂದೆ ಎಂತ ಮಾಡಿಸುವುದು?

ಉತ್ತರ ಮಾತ್ರ ಮೊದಲೇ ತಯಾರಾಗಿರುತ್ತದೆ. "ಪಿ.ಯು.ಸಿ. ಮಾಡ್ಲಿ, ಆಮೇಲೆ ಒಂದು ಡಿಗ್ರಿ ಆಗ್ಲಿ. ಕೈಯಲ್ಲೊಂದು ಡಿಗ್ರಿ ಇದ್ರೆ ಮರ್ಯಾದೆ." ಮಗನಿಗೆ ಓದು ಹತ್ತುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಮಗನನ್ನಂತೂ ಕೇಳುವುದೇ ಇಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ಮಗ ಎಂತ ಮಾಡ್ತಾನೆ ಮಾರಾಯ್ರೆ?" ಎಂದು ವಿಚಾರಿಸಿದರೆ, "ಸಯನ್ಸ್" ಎನ್ನುವಾಗ ಸ್ವರ ಮೇಲಿರುತ್ತದೆ. "ಐ.ಟಿ.ಐ." ಎನ್ನಬೇಕಾದರೆ ಅದೇ ಸ್ವರ ಬಾಳೆ ಎಲೆಯ ಕೆಳಗೆ ಹೋಗುತ್ತದೆ. ಈ ಸ್ವರದ ಏರಿಳಿತಕ್ಕೆ ಎಷ್ಟೋ ಮಕ್ಕಳ ಮೂರು ನಾಲ್ಕು ವರ್ಷ ಬಲಿಯಾಗುತ್ತಿದೆ ಎಂಬುದೇ ಇಲ್ಲಿಯ ದೂರು.

ಎಡವುವುದಕ್ಕೆ ಕಾರಣ ಒಂದೇ ಅಲ್ಲ

ಓದಿನಲ್ಲಿ ಹಿಂದೆ ಬಿದ್ದವರೆಲ್ಲ ಒಂದೇ ಜಾತಿಯವರಲ್ಲ. ಮೊದಲು ಇದನ್ನು ಅರ್ಥಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಾಲೇಜಿಗೆ ಹಾಕಿದರೂ ತಪ್ಪು, ಐ.ಟಿ.ಐ.ಗೆ ಹಾಕಿದರೂ ತಪ್ಪು.

ಪುಂಜಾಲಕಟ್ಟೆಯದೋ ನಾರಾವಿಯದೋ ಕನ್ನಡ ಮಾಧ್ಯಮದ ಶಾಲೆಯಿಂದ ಬಂದ ಹುಡುಗಿ ವಿಜ್ಞಾನ ತೆಗೆದುಕೊಳ್ಳುತ್ತಾಳೆ. ಹತ್ತನೆಯ ತನಕ "ದ್ಯುತಿಸಂಶ್ಲೇಷಣೆ" ಎಂದು ಕಲಿತದ್ದು ಪಿ.ಯು.ವಿನಲ್ಲಿ "ಫೋಟೋಸಿಂಥೆಸಿಸ್" ಆಗುತ್ತದೆ. "ವೇಗೋತ್ಕರ್ಷ" ಹೋಗಿ "ಆಕ್ಸಿಲರೇಷನ್" ಬರುತ್ತದೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಮೊದಲ ಟೆಸ್ಟಿನಲ್ಲಿ ಒಂದಂಕಿ ಮಾರ್ಕು. ಇವಳು ದಡ್ಡಿಯಲ್ಲ. ಇವಳಿಗೆ ಆರು ತಿಂಗಳು ಕೈಹಿಡಿದು ನಡೆಸುವ ಒಬ್ಬ ಉಪನ್ಯಾಸಕರು ಸಾಕು. ಇಂಥವಳನ್ನು "ನಿನ್ನಿಂದಾಗುವುದಿಲ್ಲ, ಹೊಲಿಗೆ ಕಲಿ" ಎಂದು ಮನೆಗೆ ಕಳಿಸುವುದು ಪಾಪದ ಕೆಲಸ.

ಇನ್ನೊಬ್ಬ ಉಂಟು. ಲೆಕ್ಕದಲ್ಲಿ ಸೊನ್ನೆ, ಆದರೆ ಇತಿಹಾಸ ಹೇಳಲು ಕೂತರೆ ಚೌಟರ ಅರಮನೆಯಿಂದ ಸಾವಿರ ಕಂಬದ ಬಸದಿಯ ತನಕ ಬಾಯಿಪಾಠ. ಅವನನ್ನು ಅಣ್ಣ ಇಂಜಿನಿಯರ್ ಆದನೆಂದು ಪಿ.ಸಿ.ಎಂ.ಬಿ.ಗೆ ನೂಕಿದರೆ ತಪ್ಪು ಹುಡುಗನದ್ದೋ, ನೂಕಿದವರದ್ದೋ? ಇವನಿಗೆ ಬೇಕಾದದ್ದು ಕಲಾ ವಿಭಾಗ. ಐ.ಟಿ.ಐ. ಅಲ್ಲ.

ಮೂರನೆಯವ ಬೇರೆ. ಮನೆಯ ಪಂಪ್‌ಸೆಟ್ಟು ಕೆಟ್ಟರೆ ತಾನೇ ಬಿಚ್ಚಿ ಫುಟ್‌ವಾಲ್ವ್ ಸರಿಮಾಡುತ್ತಾನೆ. ದೀಪಾವಳಿಗೆ ಮನೆಗೆಲ್ಲ ಸೀರಿಯಲ್ ಲೈಟು ಎಳೆಯುವವ ಅವನೇ. ಅಪ್ಪನ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿ ಬೈಸಿಕೊಂಡದ್ದೂ ಉಂಟು, ಪುನಃ ಜೋಡಿಸಿ ಸ್ಟಾರ್ಟ್ ಮಾಡಿದ್ದೂ ಉಂಟು. ಪುಸ್ತಕ ಬಿಡಿಸಿದರೆ ಮಾತ್ರ ಕಣ್ಣು ಮಂಜು. ಈ ಹುಡುಗನ ಬುದ್ಧಿ ಕೈಯಲ್ಲಿದೆ. ಕಾಲೇಜಿನ ಬೆಂಚು ಅದನ್ನು ಕಂಡುಹಿಡಿಯುವುದಿಲ್ಲ.

ನಾಲ್ಕನೆಯವರ ಕಥೆ ಮನೆಯೊಳಗಿನದ್ದು. ಅಪ್ಪನ ಕುಡಿತ, ಅಮ್ಮನ ಕಾಯಿಲೆ, ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ ಶಾಲೆಗೆ ಓಡಿ ಬರುವ ಮಕ್ಕಳು. ಅಲ್ಲಿ ಮಾರ್ಕು ಕಮ್ಮಿಯಾದದ್ದು ಬುದ್ಧಿ ಕಮ್ಮಿಯಾದದ್ದರಿಂದಲ್ಲ.

ಈ ನಾಲ್ವರನ್ನೂ ಒಂದೇ ಮಾರ್ಕುಕಾರ್ಡು ನೋಡಿ ತೀರ್ಮಾನಿಸುವ ಪದ್ಧತಿ ಈ ಕಡೆ ಉಂಟು. ಪಿ.ಯು. ಕಾಲೇಜುಗಳೂ ಹಾಗೆಯೇ. ಶೇಕಡಾ ನೂರು ಫಲಿತಾಂಶ ಬೇಕಲ್ಲ? ಮಾರ್ಕು ಕಮ್ಮಿ ಇದ್ದವನಿಗೆ ಬಾಗಿಲಲ್ಲೇ ನಮಸ್ಕಾರ. ಒಳಗೆ ಬಂದವನಿಗೂ ಒಂದು ವರ್ಷದ ನಂತರ "ಬೇರೆ ಕಡೆ ನೋಡಿ" ಎಂಬ ಸೂಚನೆ. ಆಗ ಅವನಿಗೆ ಬೇರೆ ಕಡೆ ಯಾವುದೆಂದು ಹೇಳುವವರು ಯಾರೂ ಇಲ್ಲ.

ವರ್ಷದ ಲೆಕ್ಕ

ಬೆಳುವಾಯಿ ಕಡೆಯ ಇಬ್ಬರು ಹುಡುಗರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಬ್ಬರಿಗೂ 16 ವರ್ಷ, ಇಬ್ಬರಿಗೂ ಎಸ್ಸೆಸ್ಸೆಲ್ಸಿಯಲ್ಲಿ ಶೇ. 45. ಇಬ್ಬರೂ ಮೇಲೆ ಹೇಳಿದ ಮೂರನೆಯ ಜಾತಿಯವರು.

ಒಬ್ಬ ಸಯನ್ಸಿಗೆ ಸೇರಿದ. ದ್ವಿತೀಯ ಪಿ.ಯು.ಸಿ.ಯಲ್ಲಿ ಎರಡು ವಿಷಯ ಹೋಯಿತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದಿತ್ತಲ್ಲ, ಎರಡನೆಯದಕ್ಕೂ ಕಟ್ಟಿದ, ಮೂರನೆಯದಕ್ಕೂ ಕಟ್ಟಿದ. ಒಂದು ವಿಷಯ ಉಳಿಯಿತು. ಇನ್ನೊಂದು ವರ್ಷ ಮನೆಯಲ್ಲಿ. 19ಕ್ಕೆ ಪಿ.ಯು. ಮುಗಿಯಿತು. ಸಯನ್ಸ್ ಬೇಡವೆಂದು ಬಿ.ಕಾಂ.ಗೆ ಹೋದ. ಮೂರು ವರ್ಷ ಕಳೆಯಿತು, ಎರಡು ಪೇಪರು ಬಾಕಿ. ಅದು ಮುಗಿಯುವಾಗ ವಯಸ್ಸು 23. ಕೈಯಲ್ಲಿ ಮೂರನೆಯ ದರ್ಜೆಯ ಒಂದು ಪದವಿ, ಮನಸ್ಸಿನಲ್ಲಿ ಏಳು ವರ್ಷದ ಸೋಲು.

ಇನ್ನೊಬ್ಬ ಐ.ಟಿ.ಐ.ಯಲ್ಲಿ ಇಲೆಕ್ಟ್ರಿಷಿಯನ್ ಟ್ರೇಡ್ ತೆಗೆದುಕೊಂಡ. ಎರಡು ವರ್ಷ. 18ಕ್ಕೆ ಸರ್ಟಿಫಿಕೇಟು. ಒಂದು ವರ್ಷ ಅಪ್ರೆಂಟಿಸ್, ಸ್ಟೈಪೆಂಡಿನ ಜೊತೆ. 1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಇದಕ್ಕೆ. 19ಕ್ಕೆ ದುಡಿಮೆ ಶುರು. ಮೊದಲನೆಯವ ಡಿಗ್ರಿ ಮುಗಿಸುವ ಹೊತ್ತಿಗೆ ಇವನಿಗೆ ನಾಲ್ಕು ವರ್ಷದ ಅನುಭವ.

"ಆಯಿತು, ಆದರೆ ಅವ ಜೀವಮಾನವಿಡೀ ವಯರ್ ಎಳೆಯುತ್ತಾ ಇರ್ಬೇಕಲ್ಲ?" ಎಂದು ಕೇಳುವವರಿದ್ದಾರೆ. ಇಲ್ಲಿಯೇ ಹೆಚ್ಚಿನ ತಂದೆ ತಾಯಂದಿರಿಗೆ ಗೊತ್ತಿಲ್ಲದ ಒಂದು ಸಂಗತಿ ಉಂಟು. ಎರಡು ವರ್ಷದ ಐ.ಟಿ.ಐ. ಮುಗಿಸಿದವನಿಗೆ ಪಾಲಿಟೆಕ್ನಿಕ್ಕಿನಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ ಇದೆ. ಡಿಪ್ಲೊಮಾ ಮುಗಿಸಿದವನಿಗೆ ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಪ್ರವೇಶ ಇದೆ. ಲೆಕ್ಕ ಹಾಕಿ: ಐ.ಟಿ.ಐ. ಮುಗಿಯುವಾಗ 18, ಡಿಪ್ಲೊಮಾ ಮುಗಿಯುವಾಗ 20, ಇಂಜಿನಿಯರ್ ಆಗುವಾಗ 23. ಪಿ.ಯು. ಮೂಲಕ ಎಲ್ಲಿಯೂ ಎಡವದೆ ಹೋದವನಿಗೆ 22. ಅಂತರ ಒಂದೇ ವರ್ಷ! ಅದೂ ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು.

ಸೀಟು ಸಿಗಬೇಕು, ಟ್ರೇಡಿಗೆ ಹೊಂದುವ ಬ್ರಾಂಚು ಇರಬೇಕು, ಮಧ್ಯದಲ್ಲಿ ಗಣಿತದ ಹೊಳೆ ದಾಟಬೇಕು ಎಂಬುದೆಲ್ಲ ನಿಜ. ಎಲ್ಲರೂ ಅಷ್ಟು ದೂರ ಹೋಗುವುದಿಲ್ಲ. ಆದರೆ ದಾರಿ ಮುಚ್ಚಿಲ್ಲ. "ಐ.ಟಿ.ಐ.ಗೆ ಹಾಕಿದರೆ ಮಗನ ಭವಿಷ್ಯ ಅಲ್ಲಿಗೇ ಮುಗಿಯಿತು" ಎಂಬ ಮಾತು ಮಾತ್ರ ಶುದ್ಧ ಸುಳ್ಳು.

ಫೀಸು ಯಾರ ಬೆರಳಿನಿಂದ ಬರುತ್ತದೆ?

ಮೇಲಿನ ಮೊದಲ ಹುಡುಗನ ಏಳು ವರ್ಷಕ್ಕೆ ದುಡ್ಡು ಹಾಕಿದವರು ಯಾರು? ಬಂಟ್ವಾಳ, ಬೆಳ್ತಂಗಡಿಯ ಒಳಗಿನ ಊರುಗಳಿಗೆ ಹೋದರೆ ಉತ್ತರ ಜಗಲಿಯಲ್ಲೇ ಕೂತಿರುತ್ತದೆ. ತೊಡೆಯ ಮೇಲೆ ಸೂಪು, ಬೆರಳ ತುದಿಯಲ್ಲಿ ನೂಲು. ಸಾವಿರ ಬೀಡಿ ಕಟ್ಟಿದರೆ ಇಷ್ಟು ಎಂಬ ಲೆಕ್ಕ. ವಾರದ ಬಟವಾಡೆಗೆ ಬೀಡಿ ಬ್ರಾಂಚಿನ ಮುಂದೆ ಕಾಯಬೇಕು. ಹೊಗೆಸೊಪ್ಪಿನ ಧೂಳು ತಿಂದ ಕೆಮ್ಮು ರಾತ್ರಿ ನಿದ್ದೆ ಕೊಡುವುದಿಲ್ಲ. ಆ ಬೆರಳಿನಿಂದ ಕಾಲೇಜಿನ ಫೀಸು, ಟ್ಯೂಶನ್ನಿನ ಫೀಸು, ವ್ಯಾನಿನ ಫೀಸು.

ತಾಯಿ ಕೊಡುವುದಿಲ್ಲ ಎನ್ನುವುದಿಲ್ಲ. ಓದಿ ಮೇಲೆ ಬರಲಿ ಎಂಬ ಆಸೆ ತಪ್ಪೂ ಅಲ್ಲ. ಆದರೆ ಆ ದುಡ್ಡಿಗೆ ಬದಲಾಗಿ ಏನು ಸಿಗುತ್ತದೆ ಎಂದು ಕೇಳುವ ಹಕ್ಕು ಅವಳಿಗೆ ಉಂಟು. ಅದನ್ನು ಬಿಡಿಸಿ ಹೇಳುವ ಜವಾಬ್ದಾರಿ ಫೀಸು ತೆಗೆದುಕೊಳ್ಳುವವರಿಗೆ ಇದೆ. ಹೇಳುತ್ತಾರೆಯೇ? ಸರಕಾರಿ ಐ.ಟಿ.ಐ.ಯ ಶುಲ್ಕವನ್ನು ಖಾಸಗಿ ಪಿ.ಯು. ಕಾಲೇಜಿನ ಶುಲ್ಕದ ಪಕ್ಕದಲ್ಲಿಟ್ಟರೆ ಮೊದಲನೆಯದು ಕಣ್ಣಿಗೇ ಕಾಣುವುದಿಲ್ಲ ಎಂಬುದನ್ನಾದರೂ ಯಾರಾದರೂ ಆ ತಾಯಿಗೆ ತಿಳಿಸಿದ್ದಾರೆಯೇ?

ಡಿಗ್ರಿ ಬೇಡವೆಂದಲ್ಲ

ಹಾಗಾದರೆ ಡಿಗ್ರಿಯೇ ಬೇಡವೇ? ಹಾಗೆ ಹೇಳುವವರು ಮೂರ್ಖರು. ಬ್ಯಾಂಕಿನ ಪರೀಕ್ಷೆಗೆ ಡಿಗ್ರಿ ಬೇಕು. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಲು ಡಿಗ್ರಿ ಬೇಕು. ಕೆ.ಎ.ಎಸ್. ಬರೆಯಲು ಡಿಗ್ರಿ ಬೇಕು. ಹೈಸ್ಕೂಲು ಮಾಸ್ಟ್ರಾಗಲು ಬೇಕು. ತಲೆತಲಾಂತರದಿಂದ ಅಕ್ಷರದ ಹೊರಗಿದ್ದ ಮನೆಗಳಿಂದ ಮೊದಲ ಪದವೀಧರ ಬಂದರೆ ಅದು ಆ ಮನೆಗೆ ಮಾತ್ರವಲ್ಲ, ಊರಿಗೇ ಹಬ್ಬ. 1965ರಲ್ಲಿ ಮೂಡಬಿದ್ರೆಗೆ ಮಹಾವೀರ ಕಾಲೇಜು, 1966ರಲ್ಲಿ ಉಜಿರೆಗೆ ಎಸ್.ಡಿ.ಎಂ. ಕಾಲೇಜು, 1968ರಲ್ಲಿ ಬಂಟ್ವಾಳಕ್ಕೆ ಎಸ್.ವಿ.ಎಸ್. ಕಾಲೇಜು ಬಂದದ್ದರಿಂದ ಎಷ್ಟು ಮನೆಗಳ ದಿಕ್ಕೇ ಬದಲಾಯಿತು ಎಂಬುದನ್ನು ಹಿರಿಯರು ಬಲ್ಲರು. ಬಡವರ ಮಕ್ಕಳಿಗೆ ಕಸುಬು, ಉಳ್ಳವರ ಮಕ್ಕಳಿಗೆ ಕಾಲೇಜು ಎಂಬ ಹಳೆಯ ಪಂಕ್ತಿಭೇದವನ್ನು ಹೊಸ ಹೆಸರಿನಲ್ಲಿ ತರುವುದಾದರೆ ಅದಕ್ಕೆ ಧಿಕ್ಕಾರ ಇರಲಿ. ಓದುವ ಮನಸ್ಸಿರುವ ಮಗುವನ್ನು ಬಡತನದ ಕಾರಣಕ್ಕೆ ಐ.ಟಿ.ಐ.ಗೆ ತಳ್ಳುವುದು ಅನ್ಯಾಯವೇ.

ಆದರೆ ಯಾವ ಗುರಿಯೂ ಇಲ್ಲದೆ, ಯಾವ ಮನಸ್ಸೂ ಇಲ್ಲದೆ, ಮದುವೆ ಕಾಗದದಲ್ಲಿ ಹೆಸರಿನ ಮುಂದೆ ಹಾಕುವುದಕ್ಕೆ ಮಾತ್ರ ತೆಗೆದ ಡಿಗ್ರಿಯ ಬೆಲೆ ಎಷ್ಟು? ಸರಕಾರವೇ ಒಂದು ಬೆಲೆ ಕಟ್ಟಿದೆ. 2024ರ ಜನವರಿಯಿಂದ ಕೊಡಲು ಶುರುಮಾಡಿದ ಯುವನಿಧಿಯಲ್ಲಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಅದೂ ಹೆಚ್ಚೆಂದರೆ ಎರಡು ವರ್ಷ. ಪದವಿ ಪಡೆದೂ ಕೆಲಸ ಸಿಗದವರು ಅಷ್ಟು ಮಂದಿ ಇದ್ದಾರೆ ಎಂದು ಒಪ್ಪಿಕೊಂಡ ಹಾಗಾಯಿತಲ್ಲ? ಆ ದುಡ್ಡು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮಗ ಆ ಸಾಲಿನಲ್ಲಿ ನಿಲ್ಲಲಿ ಎಂದು ಯಾವ ತಾಯಿಯೂ ಬೀಡಿ ಕಟ್ಟಿರಲಿಕ್ಕಿಲ್ಲ.

ಇತ್ತ ಮನೆಗೆ ಒಬ್ಬ ಇಲೆಕ್ಟ್ರಿಷಿಯನ್ ಬೇಕೆಂದು ಫೋನು ಮಾಡಿ ನೋಡಿ. "ನಾಳೆ ಬರ್ತೇನೆ" ಎಂದವರು ಎಂಟು ದಿನ ಕಾಯಿಸುತ್ತಾರೆ. ಪ್ಲಂಬರ್ ಸಿಕ್ಕಿದರೆ ಪುಣ್ಯ. ಎ.ಸಿ. ಮೆಕ್ಯಾನಿಕ್ಕನ್ನು ಮಂಗಳೂರಿನಿಂದ ಕರೆಸಬೇಕು. ಅಡಿಕೆ ಕೊಯ್ಲಿಗೆ, ಮದ್ದು ಬಿಡಲಿಕ್ಕೆ ಮರ ಏರುವವರಿಲ್ಲ ಎಂದು ತೋಟದವರ ಬೊಬ್ಬೆ ಮಳೆಗಾಲಕ್ಕೊಮ್ಮೆ ಕೇಳುತ್ತದೆ. ಕೆಲಸ ಇಲ್ಲ ಎನ್ನುವ ಹುಡುಗರೂ ಇಲ್ಲೇ, ಕೆಲಸದವರಿಲ್ಲ ಎನ್ನುವ ಯಜಮಾನರೂ ಇಲ್ಲೇ. ಇದಕ್ಕಿಂತ ದೊಡ್ಡ ಕುಶಾಲು ಬೇರೆ ಉಂಟೇ?

ಇಸ್ರೋದಲ್ಲಿ ಟೆಕ್ನಿಷಿಯನ್ ಆಗಬೇಕಾದರೆ ಎಸ್ಸೆಸ್ಸೆಲ್ಸಿಯ ಜೊತೆ ಐ.ಟಿ.ಐ. ಕೇಳುತ್ತಾರೆ, ಬಿ.ಎ. ಕೇಳುವುದಿಲ್ಲ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೂ ಬರೀ ಬಿ.ಕಾಂ. ನಡೆಯುವುದಿಲ್ಲ, ಐ.ಟಿ.ಐ.ಯೋ ಡಿಪ್ಲೊಮಾವೋ ಇರಬೇಕು. ಗಲ್ಫಿಗೆ ಹೋಗುವವರಿಗೂ ಅಷ್ಟೆ. ಗ್ಯಾರೇಜಿನಲ್ಲಿ ಕಲಿತವ ಎಷ್ಟೇ ಚುರುಕಾದರೂ ಕಾಗದ ಇಲ್ಲದಿದ್ದರೆ ಹೆಲ್ಪರ್. ಕಾಗದ ಇದ್ದವ ಟೆಕ್ನಿಷಿಯನ್.

ಕಸದ ಬುಟ್ಟಿಯಲ್ಲ, ಸುಲಭದ ದಾರಿಯೂ ಅಲ್ಲ

1950ರಲ್ಲಿ ಕೇಂದ್ರ ಸರಕಾರ ಕುಶಲಕರ್ಮಿ ತರಬೇತಿ ಯೋಜನೆ ಶುರುಮಾಡಿದ್ದು ಹೊಸ ದೇಶ ಕಟ್ಟುವುದಕ್ಕೆ ಕೈಗಳು ಬೇಕೆಂದು. ಫೇಲಾದವರನ್ನು ತುಂಬಿಸಲು ಬುಟ್ಟಿ ಬೇಕೆಂದಲ್ಲ. ಈಗ ಆ ಬಾಗಿಲಲ್ಲಿ ನಿಂತವನನ್ನು ನೋಡುವ ದೃಷ್ಟಿಯೇ ಬೇರೆ.

ಹಾಗೆಂದು ಅದು ಸಸಾರದ ದಾರಿಯೂ ಅಲ್ಲ. ಟ್ರೇಡ್ ಥಿಯರಿ ಇದೆ, ವರ್ಕ್‌ಶಾಪ್ ಲೆಕ್ಕ ಇದೆ, ಇಂಜಿನಿಯರಿಂಗ್ ಡ್ರಾಯಿಂಗ್ ಇದೆ. ಇಲೆಕ್ಟ್ರಿಷಿಯನ್, ಫಿಟ್ಟರ್ ಎರಡೆರಡು ವರ್ಷ. ವೆಲ್ಡರ್, ಪ್ಲಂಬರ್ ಒಂದೊಂದು ವರ್ಷ. ಪಾಲಿಟೆಕ್ನಿಕ್ಕಂತೂ ಇನ್ನೂ ಬಿಗಿ. ಪಿ.ಯು. ಗಣಿತಕ್ಕೆ ಹೆದರಿ ಡಿಪ್ಲೊಮಾಕ್ಕೆ ಓಡಿದವ ಅಲ್ಲಿಯೂ ಗಣಿತವನ್ನೇ ಕಂಡು ಬಾಯಿ ಬಿಡುತ್ತಾನೆ. ಲೆಕ್ಕ ತಪ್ಪಿಸಿಕೊಳ್ಳಲು ಪಾಲಿಟೆಕ್ನಿಕ್ ಸೇರುವುದು ಮಳೆಗೆ ಹೆದರಿ ಹೊಳೆಗೆ ಹಾರಿದ ಹಾಗೆ. ಅಂಥವನು ಮೊದಲು ಐ.ಟಿ.ಐ. ಮಾಡಿ, ಲೆಕ್ಕ ಯಾವುದಕ್ಕೆ ಬೇಕೆಂದು ಕೈಯಿಂದ ತಿಳಿದುಕೊಂಡು ಆಮೇಲೆ ಡಿಪ್ಲೊಮಾಕ್ಕೆ ಹೋಗುವುದೇ ಲೇಸು.

ಬೋರ್ಡು ಹಾಕಿದ್ದೆಲ್ಲ ಐ.ಟಿ.ಐ. ಅಲ್ಲ ಎಂಬುದೂ ನೆನಪಿರಲಿ. ಸೇರಿಸುವ ಮೊದಲು ಅಪ್ಪ ಅಮ್ಮ ಒಂದು ದಿನದ ಸಂಬಳ ಹೋದರೂ ಅಡ್ಡಿಯಿಲ್ಲ, ಹೋಗಿ ನೋಡಬೇಕು. ಆ ಟ್ರೇಡಿಗೆ ಎನ್.ಸಿ.ವಿ.ಟಿ. ಮಾನ್ಯತೆ ಉಂಟೋ? ಲೇತು ತಿರುಗುತ್ತದೋ, ತುಕ್ಕು ಹಿಡಿದು ನಿಂತಿದೆಯೋ? ಕಲಿಸುವವರು ಇದ್ದಾರೋ, ಹಾಜರಿ ಪುಸ್ತಕ ಮಾತ್ರ ಇದೆಯೋ? ಹೋದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಕೊಡದ ಸಂಸ್ಥೆಗೆ ದೂರದಿಂದಲೇ ಕೈಮುಗಿಯುವುದು ಒಳ್ಳೆಯದು. ಇದೇ ಪ್ರಶ್ನೆಯನ್ನು ಡಿಗ್ರಿ ಕಾಲೇಜಿನಲ್ಲಿಯೂ ಕೇಳಬೇಕು ಎಂಬುದು ಬೇರೆ ಮಾತು.

ಸೌಕರ್ಯ ದೂರ ಇಲ್ಲ. ಬಂಟ್ವಾಳ ತಾಲೂಕಿನವರಿಗೆ ವಿಟ್ಲದಲ್ಲಿ ಸರಕಾರಿ ಐ.ಟಿ.ಐ. ಇದೆ. ಬೆಳ್ತಂಗಡಿಯವರಿಗೆ ವೇಣೂರಿನಲ್ಲಿ ಎಸ್.ಡಿ.ಎಂ. ಐ.ಟಿ.ಐ., ಉಜಿರೆಯಲ್ಲಿ ಪಾಲಿಟೆಕ್ನಿಕ್. ಮೂಡಬಿದ್ರೆಯವರಿಗೆ ಎಸ್.ಎನ್.ಎಂ. ಪಾಲಿಟೆಕ್ನಿಕ್. ಮಂಗಳೂರಿಗೆ ಹೋದರೆ ಕದ್ರಿಯಲ್ಲಿ 1946ರಿಂದ ನಡೆಯುತ್ತಿರುವ ಕೆ.ಪಿ.ಟಿ., ಬೈಕಂಪಾಡಿಯಲ್ಲಿ ಟೂಲ್ ಅಂಡ್ ಡೈ ಕಲಿಸುವ ಜಿ.ಟಿ.ಟಿ.ಸಿ. ಮೂರ್ತಿ ಕೆತ್ತುವ ಕೈ ಇದ್ದವನಿಗೆ ಕಾರ್ಕಳದ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಸಂಸ್ಥೆ.

ಉಜಿರೆಯ ರುಡ್‌ಸೆಟ್ಟಿನ ಮಾತು ಬೇರೆಯೇ ಹೇಳಬೇಕು. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು, ರುಡ್‌ಸೆಟ್ ಉಳಿಯಿತು. 2009ರಿಂದ ಕೇಂದ್ರ ಸರಕಾರ ಇದೇ ಮಾದರಿಯನ್ನು ಹಿಡಿದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ಹೆಸರಿನಲ್ಲಿ ಸಂಸ್ಥೆ ತೆರೆಯಿಸಿತು. ದೇಶಕ್ಕೇ ದಾರಿ ತೋರಿಸಿದ್ದು ಬೆಳ್ತಂಗಡಿ ತಾಲೂಕಿನ ಒಂದು ಊರು. ಅದೇ ತಾಲೂಕಿನ ಎಷ್ಟು ಹೈಸ್ಕೂಲುಗಳು ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ ತೋರಿಸುತ್ತವೆ? ಪ್ರವಾಸವೆಂದರೆ ಮೈಸೂರಿಗೇ ಹೋಗಬೇಕೇ? ರುಡ್‌ಸೆಟ್ಟಿನ ತರಬೇತಿಗಳು 18 ತುಂಬಿದವರಿಗೆ, ಕೆಲವೇ ವಾರಗಳವು. ಐ.ಟಿ.ಐ.ಯ ಬದಲಿಗೆ ಅಲ್ಲ. ಆದರೆ ಪಿ.ಯು. ಬಿಟ್ಟು ಮನೆಯಲ್ಲಿ ಮೊಬೈಲು ತಿಕ್ಕುತ್ತಿರುವವನಿಗೆ ಪುನಃ ಎದ್ದು ನಿಲ್ಲಲು ಅದು ಒಳ್ಳೆಯ ಊರುಗೋಲು.

ಕೈತಪ್ಪಿದ ಒಂದು ಪ್ರಯೋಗ

ಓದು ಬೇರೆ, ಕಸುಬು ಬೇರೆ ಎಂಬ ಗೋಡೆ ಹಿಂದೆ ಇಷ್ಟು ದಪ್ಪ ಇರಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ಬೊಂಬಾಯಿ ಬಸ್ಸು ಹತ್ತಿದ ಈ ಕಡೆಯ ಹುಡುಗರು ಹಗಲು ಹೋಟೆಲಿನಲ್ಲಿ ಟೇಬಲ್ ಒರಸಿ, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಕೂತು ಪಾಸಾದ ಕಥೆಗಳು ಊರು ತುಂಬ ಇವೆ. ದುಡಿಮೆ ಅವರ ಓದನ್ನು ಕೊಲ್ಲಲಿಲ್ಲ, ಎಬ್ಬಿಸಿತು.

ಶಾಲೆಯೊಳಗೇ ಕಸುಬು ಬರಲಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಕರ್ನಾಟಕ 1977ರ ಸುಮಾರಿಗೆ ಪಿ.ಯು. ಹಂತದಲ್ಲಿ ಜೆ.ಓ.ಸಿ. ಎಂಬ ವೃತ್ತಿ ಕೋರ್ಸುಗಳನ್ನು ತಂದಿತು. ಯೋಚನೆ ಬಂಗಾರದ್ದು. ನಡೆಸಿದ ರೀತಿ ಮಾತ್ರ ತಗಡಿನದ್ದು. ಕಲಿಸುವವರು ಅರೆಕಾಲಿಕ, ಉಪಕರಣ ಅರೆಬರೆ, ಕಾಲೇಜಿನೊಳಗೇ ಎರಡನೆಯ ದರ್ಜೆ. ಕೊನೆಗೆ ಕೋರ್ಸನ್ನೇ ಮುಚ್ಚಿದರು. ದುಡಿದ ಅರೆಕಾಲಿಕರನ್ನು ಬೇರೆ ಸರಕಾರಿ ಹುದ್ದೆಗಳಿಗೆ ಸೇರಿಸಿಕೊಳ್ಳಲು 2011ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಕಲಿಸಿದವರಿಗೆ ಅಂತೂ ದಾರಿ ಆಯಿತು. ಕಲಿಯಬೇಕಾಗಿದ್ದವರ ದಾರಿ ಮುಚ್ಚಿತು. ಅಲ್ಲಿಂದೀಚೆಗೆ ಹತ್ತನೆಯ ನಂತರ "ಅತ್ತ ಪಿ.ಯು., ಇತ್ತ ಐ.ಟಿ.ಐ." ಎಂಬ ಕವಲಿನಲ್ಲಿ 16ರ ಮಕ್ಕಳು ಒಬ್ಬೊಬ್ಬರೇ ನಿಂತಿದ್ದಾರೆ.

ಕೈಕೆಲಸಕ್ಕೆ ಮರ್ಯಾದೆ ಇಲ್ಲವೆನ್ನುವವರು ಧರ್ಮಸ್ಥಳದ ರತ್ನಗಿರಿಗೆ ಹೋಗಿ ತಲೆ ಎತ್ತಿ ನೋಡಬೇಕು. 39 ಅಡಿಯ ಬಾಹುಬಲಿಯನ್ನು ಒಂದೇ ಶಿಲೆಯಲ್ಲಿ ಬಿಡಿಸಿದ್ದು ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರ ಉಳಿ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿ ಬಂದು ಒಣಗುಡ್ಡಕ್ಕೆ ಸುರಂಗ ಕೊರೆದು ನೀರು ತಂದರು. 2022ರಲ್ಲಿ ಪದ್ಮಶ್ರೀ ಅವರ ಮನೆಗೆ ಬಂತು. ಆದರೆ ಇಂಥವರ ಹೆಸರು ಹೇಳಿ ಶಾಲೆ ಬಿಡುವವರಿಗೂ ಒಂದು ಮಾತು: ಶಿವರಾಮ ಕಾರಂತರೂ ಕಾಲೇಜು ಬಿಟ್ಟವರೇ. ಅವರು ಬಿಟ್ಟದ್ದು ಕಾಲೇಜನ್ನು, ಕಲಿಯುವುದನ್ನಲ್ಲ.

ಹೆಣ್ಣುಮಕ್ಕಳ ಮಾತು ಕೊನೆಗೆ ಉಳಿಯುವುದೇ ಒಂದು ರೋಗ. ಮಾರ್ಕು ಕಮ್ಮಿಯಾದ ಹುಡುಗನಿಗೆ "ಐ.ಟಿ.ಐ.ಯಾದರೂ" ಎನ್ನುತ್ತಾರೆ. ಮಾರ್ಕು ಕಮ್ಮಿಯಾದ ಹುಡುಗಿಗೆ "ಮದುವೆ" ಎನ್ನುತ್ತಾರೆ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಡ್ರಾಫ್ಟ್ಸ್‌ಮನ್ ಟ್ರೇಡುಗಳಲ್ಲಿ ಹುಡುಗಿಯರಿಗೆ ಅಡ್ಡಿ ಏನು? ಅಡ್ಡಿ ಇರುವುದು ಸಂಜೆ ಆರರ ನಂತರ ಒಳಗಿನ ಊರಿಗೆ ಬಸ್ಸಿಲ್ಲದಿರುವುದರಲ್ಲಿ, ಮತ್ತು ಮನೆಯವರ ಮಂಡೆಯಲ್ಲಿ. ತಾಯಿಯ ಸೂಪು ಮಗಳ ತೊಡೆಗೆ ಬಾರದಿರಬೇಕಾದರೆ ಅವಳ ಕೈಗೂ ಒಂದು ಸರ್ಟಿಫಿಕೇಟು ಬೇಕು.

ಮಾಡಬೇಕಾದದ್ದು

ಪಾಸ್ ಮಾರ್ಕನ್ನು ಶೇ. 33ಕ್ಕೆ ಇಳಿಸುವುದಾಗಿ ಸರಕಾರ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯೂ ಇದೆ. ಹೊಸ್ತಿಲು ತಗ್ಗಿಸಿದರೆ ದಾಟುವವರು ಹೆಚ್ಚಾಗುತ್ತಾರೆ, ನಿಜ. ದಾಟಿದ ಮೇಲೆ ಎಲ್ಲಿಗೆ ಎಂದು ಹೇಳುವ ಕೆಲಸ ಅದರಿಂದ ಇನ್ನಷ್ಟು ಹೆಚ್ಚಾಗುತ್ತದೆ.

ಅದಕ್ಕೆ ದೊಡ್ಡ ಯೋಜನೆ ಬೇಡ. ಒಂಬತ್ತನೆಯ ತರಗತಿಯಲ್ಲಿರುವಾಗಲೇ ಮಕ್ಕಳನ್ನು, ಸಾಧ್ಯವಾದರೆ ಅಪ್ಪ ಅಮ್ಮನನ್ನೂ, ಹತ್ತಿರದ ಐ.ಟಿ.ಐ.ಗೆ, ಪಾಲಿಟೆಕ್ನಿಕ್ಕಿಗೆ, ರುಡ್‌ಸೆಟ್ಟಿಗೆ ಒಂದು ದಿನ ಕರಕೊಂಡು ಹೋಗಲಿ. ಪಿ.ಯು. ಕಾಲೇಜುಗಳು ಮೊದಲ ಎರಡು ತಿಂಗಳಲ್ಲೇ ಒಂದು ಟೆಸ್ಟು ಮಾಡಿ, ಹಿಂದೆ ಬಿದ್ದವನು ಯಾಕೆ ಬಿದ್ದ ಎಂದು ಮನೆಯವರನ್ನು ಕರೆದು ಹೇಳಲಿ. ಇಂಗ್ಲಿಷಿನ ತೊಂದರೆಯಾದರೆ ಪಾಠ ಕೊಡಲಿ. ವಿಷಯ ತಪ್ಪಿದ್ದಾದರೆ ಬದಲಿಸಲಿ. ಕಸುಬಿನ ಹುಡುಗನಾದರೆ ಟಿ.ಸಿ.ಯನ್ನೂ ಕಟ್ಟಿದ ಫೀಸಿನ ಬಾಕಿಯನ್ನೂ ತಕರಾರು ಮಾಡದೆ ಕೊಡಲಿ. ಐ.ಟಿ.ಐ.ಯ ಸೀಟು ತುಂಬಿದ ಮೇಲೆ ಟಿ.ಸಿ. ಕೊಟ್ಟರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಐ.ಟಿ.ಐ.ಗಳೂ ಸುಮ್ಮನೆ ಕೂರಬಾರದು. ಕಲಿತು ಹೋದವರು ಯಾವ ಕಾರ್ಖಾನೆಯಲ್ಲಿ, ಯಾವ ದೇಶದಲ್ಲಿ, ಯಾವ ಸ್ವಂತ ಅಂಗಡಿಯಲ್ಲಿದ್ದಾರೆ ಎಂದು ಊರಿಗೆ ಗೊತ್ತಾಗುವ ಹಾಗೆ ಬರೆದು ಹಾಕಲಿ.

ಮನೆಯವರು ಮಾಡಬೇಕಾದದ್ದು ಇನ್ನೂ ಸಣ್ಣದು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಗನಿಗೆ ಬಾಯಿಪಾಠ ಮಾಡಿಸಿ, ಅವನ ಕೈಗೆ ಗ್ರೀಸು ಹತ್ತಿದರೆ ಮುಖ ಸಿಂಡರಿಸುವುದನ್ನು ನಿಲ್ಲಿಸಬೇಕು. ಹೆಸರು ಕೊಡುವ ಮೊದಲು ಒಂದು ಸಂಜೆ ಅವನನ್ನು ಎದುರಿಗೆ ಕೂರಿಸಿ "ನಿನಗೆ ಎಂತ ಮಾಡ್ಲಿಕ್ಕೆ ಮನಸ್ಸುಂಟು ಮಗಾ?" ಎಂದು ಕೇಳಬೇಕು. ಅವನು ಏನೂ ಹೇಳದಿದ್ದರೆ ಇನ್ನೊಂದು ಸಂಜೆ ಕೇಳಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಐ.ಟಿ.ಐ.ಗಳು ಅರ್ಜಿ ಕರೆಯುತ್ತವೆ. ಸೀಟು ತುಂಬಿದ ಮೇಲೆ ಬುದ್ಧಿ ಬಂದರೆ ಮುಂದಿನ ವರ್ಷದ ತನಕ ಕಾಯಬೇಕು. ಶಾಲೆಗಳ ಮುಖ್ಯೋಪಾಧ್ಯಾಯರು, ಕಾಲೇಜುಗಳ ಪ್ರಾಂಶುಪಾಲರು, ಮೂರೂ ತಾಲೂಕುಗಳ ಶಿಕ್ಷಣಾಧಿಕಾರಿಗಳು ಅಷ್ಟರೊಳಗೆ ಎಚ್ಚೆತ್ತುಕೊಳ್ಳುವರೇ?